ಉಪ್ಪಿನಕಾಯಿ ಹಾಕಿದ ಗುಟ್ಟು

ಒಂದಾನೊಂದು ಊರಿನಲ್ಲಿ (ಆ ಊರಿಗೆ ದಾರಿ ಕೇಳಬೇಡಿ, ಕೇಳಿದರೆ ಅದು ನಾಚಿಕೊಂಡು ಪಕ್ಕಕ್ಕೆ ಸರಿಯುತ್ತದೆ) ಕೆಂಚಮ್ಮ ಅಂತ ಒಬ್ಬಳಿದ್ದಳು. ಅವಳ ಗಂಡ ಮುದ್ದಯ್ಯ ತೀರಿಹೋಗಿದ್ದ. ಆ ಊರಲ್ಲಿ ಸತ್ತವರ ದನಿ ಬಾವಿಗೆ ಹೋಗಿ ಸೇರುತ್ತಿತ್ತು. ಮನೆಯವರು ಬಾವಿಗೆ ಮೊದಲೇ ಹೇಳಿಟ್ಟ ಗುಟ್ಟಿನ ಮಾತು ಹೇಳಿದರೆ ಬಾವಿ ಒಂದು ಗುಟುಕು ದನಿ ಕೊಡುತ್ತಿತ್ತು. ಏನು ಹೇಳು ಅಂದರೂ ದನಿ ಅದನ್ನೇ ಹೇಳುತ್ತಿತ್ತು. ಹೇಳಿದಷ್ಟೂ ಖರ್ಚು. ಮುದ್ದಯ್ಯ ಬದುಕಿದ್ದಾಗಲೇ ಬಾಯಿ ಬಿಟ್ಟವನಲ್ಲ. ಏನು ಹೇಳಿದರೂ ‘ಹೂಂ’ ಅನ್ನುತ್ತಿದ್ದ. ಅವನ ದನಿ ಬಾವಿಯ ತಳದಲ್ಲಿ ಅಷ್ಟೇ ಅಷ್ಟು ಇತ್ತು.

ಕೆಂಚಮ್ಮನಿಗೆ ಮಂಡಿ ನೋವು. ಬಾವಿ ಊರಾಚೆ. ಅವಳ ಹತ್ತಿರ ಒಂದು ಚೀಲವಿತ್ತು. ಸಂತೆಗೆ ತಾನೇ ಹೋಗಿ, ಬದನೆಕಾಯಿ ಆರಿಸಿ, ಚೌಕಾಸಿ ಮಾಡಿ ಬರುವ ಚೀಲ. ಅದಕ್ಕೇ ಗುಟ್ಟಿನ ಮಾತು ಹೇಳಿ ಕಳಿಸಿದಳು. ಚೀಲ ಒಂದು ಗುಟುಕು ತಂದಿತು. ಅವಳು ಚೀಲಕ್ಕೆ ಕಿವಿ ಇಟ್ಟಳು.

“ಹೂಂ,” ಅಂದ ಮುದ್ದಯ್ಯ.

ಅವತ್ತು ಅವಳು ಎರಡು ತುತ್ತು ಹೆಚ್ಚು ಉಂಡಳು.

ಆದರೆ ಆ ಊರಲ್ಲಿ ಚೀಲ ಹಿಡಿದವರನ್ನು ಕಂಡರೆ “ಏನ್ ತಂದ್ರಿ?” ಅಂತ ಕೇಳದೆ ಬಿಡುವವರಿಲ್ಲ. ಕೇಳಿದರೆ ತೋರಿಸದೆ ಇರುವ ಚೀಲವೂ ಇಲ್ಲ. ಪಕ್ಕದ ಮನೆ ತಿಮ್ಮಕ್ಕ ಕೇಳಿದಳು. ಚೀಲ ಬಾಯಿ ತೆರೆಯಿತು. ಬದನೆಕಾಯಿಯ ಜೊತೆ ಗುಟ್ಟೂ ಉರುಳಿತು.

ತಿಮ್ಮಕ್ಕ ಮುದ್ದಯ್ಯನ ದನಿ ತಂದು, ಸಂಡಿಗೆ ಕಾಯಲು ‘ಹುಶ್ ಕಾಗೆ’ ಅನ್ನಿಸಿದಳು. ಆಮೇಲೆ ಗುಟ್ಟು ತಿಳಿದು ಊರಿಗೆ ಊರೇ ಬಾವಿಗೆ ಹೋಯಿತು. ಆಮೇಲೆ ದೊರೆ ಬಂದ. ದೊರೆಗೆ ಸೀನುವುದೊಂದೇ ರಾಜಕಾರ್ಯ. ಸೀನಿದಾಗಲೆಲ್ಲ ಯಾರಾದರೂ ‘ನೂರು ವರ್ಷ ಬಾಳಿ’ ಅನ್ನಬೇಕು. ಮಂತ್ರಿಗಳ ಗಂಟಲು ಕಟ್ಟಿತ್ತು. ದೊರೆ ನಸ್ಯ ಏರಿಸಿದ, ಸೀನಿದ. ಸತ್ತ ಮುದ್ದಯ್ಯ, “ನೂರು ವರ್ಷ ಬಾಳಿ” ಅಂದ. ಮತ್ತೆ ನಸ್ಯ, ಮತ್ತೆ ಸೀನು, ಮತ್ತೆ ನೂರು ವರ್ಷ.

ಸುದ್ದಿ ಕೇಳಿ ಕೆಂಚಮ್ಮ ಕುಂಟುತ್ತಾ ಬಾವಿಗೆ ಓಡಿದಳು.

“ಎಷ್ಟು ಉಳಿದಿದೆ?”

“ಒಂದು ಹೂಂ ಅನ್ನುವಷ್ಟು, ತಾಯಿ,” ಅಂದಿತು ಬಾವಿ.

“ಹಳೇ ಗುಟ್ಟು ಮರೆತುಬಿಡು.”

“ಮರೆತೆ. ಹೊಸದು?”

ಅವಳು ಬಾವಿಯ ಕಿವಿಯಲ್ಲಿ ಹೊಸದು ಹೇಳಿದಳು. ಮನೆಗೆ ಬಂದು ಅದನ್ನೇ ಭರಣಿಯೊಳಗೆ ಪಿಸುಗುಟ್ಟಿದಳು. ಉಪ್ಪು, ಖಾರ, ಸಾಸಿವೆ ಹಾಕಿ ಕಲಸಿ, ಬಟ್ಟೆ ಕಟ್ಟಿ ಅಟ್ಟದ ಮೇಲಿಟ್ಟಳು. ಕನ್ನಡಿ ಹಿಡಿದರೂ ಆ ಗುಟ್ಟಿಗೆ ತನ್ನ ಮುಖದ ಗುರುತು ಸಿಗುತ್ತಿರಲಿಲ್ಲ. ಭರಣಿಯೂ ಬಾವಿಯೂ ಒಂದೇ ಮಣ್ಣಿನ ನೆಂಟರು. ಚೀಲ ಬಾವಿಕಟ್ಟೆಯಲ್ಲಿ ನಿಂತು “ಕೆಂಚಕ್ಕನ ಕಡೆಯವನು” ಅಂದರೆ ಸಾಕು. ಮನೆಯಲ್ಲಿ ಭರಣಿ ಆ ಚೀಲದ ಮಾತಿಗೆ ಮಾತ್ರ ‘ಬುಳುಕ್’ ಅನ್ನುತ್ತದೆ, ಬಾವಿಗೆ ಗುಟ್ಟು ಸರಿ ಅಂತ ತಿಳಿಯುತ್ತದೆ. ಚೀಲಕ್ಕೆ ಏನೂ ತಿಳಿಯುವುದಿಲ್ಲ.

ಚೀಲ ಮುಖ ಸಣ್ಣ ಮಾಡಿತು. “ನನ್ನ ಮೇಲೆ ನಂಬಿಕೆ ಇಲ್ವಾ ಅಕ್ಕಾ?”

“ನಿನ್ನ ಮೇಲಿದೆ ಕಣೋ. ನಿನ್ನ ಬಾಯಿ ಮೇಲಿಲ್ಲ. ಹೊಲಿದುಬಿಡೋಣ ಅಂದ್ರೆ ನೀನು ಚೀಲವಾಗೇ ಉಳಿಯಲ್ಲ.”

ದೊರೆ ಬಂದು ಹಳೇ ಗುಟ್ಟು ಹೇಳಿ ಸೀನಿದ. ಬಾವಿ ಸುಮ್ಮನಿತ್ತು. ಚೀಲವನ್ನು ಹಿಡಿದು ಒಳಹೊರಗು ಮಾಡಿ ಕೊಡವಿದ. ಒಂದು ಕರಿಬೇವಿನ ಎಲೆ ಬಿತ್ತು. ಸಿಟ್ಟಿನಲ್ಲಿ ಶುರುವಾದ ಮುಂದಿನ ಸೀನು ಇನ್ನೂ ಅವನ ಮೂಗಿನಲ್ಲೇ ನಿಂತಿದೆಯಂತೆ.

ಗುಟ್ಟು ಉಳಿಯಿತು. ಹೂಂ ಉಳಿಯಿತು. ದಿನಾ ಸಂಜೆ ಚೀಲ ಕೇಳುತ್ತದೆ, “ತರಲಾ ಅಕ್ಕಾ?”

“ಇವತ್ತು ಬೇಡ ಕಣೋ.”

ಅವಳೇ ಕುಂಟುತ್ತಾ ಹೋಗಿ ಬಾವಿಕಟ್ಟೆ ಮೇಲೆ ಕೂರುತ್ತಾಳೆ. “ಬದನೆಕಾಯಿ ಈ ಸಲ ಬರೀ ಬೀಜ.” ಸುಮ್ಮನಾಗುತ್ತಾಳೆ, ಒಂದು ಹೂಂ ಹಿಡಿಸುವಷ್ಟು ಹೊತ್ತು. “ತಿಮ್ಮಕ್ಕನ ಸಂಡಿಗೆ ಕಾಗೆ ತಿಂದ್ವು.” ಮತ್ತೆ ಸುಮ್ಮನಾಗುತ್ತಾಳೆ.

ಇದರ ನೀತಿ ಏನಪ್ಪಾ ಅಂದರೆ, ಗುಟ್ಟನ್ನು ಉಪ್ಪಿನಕಾಯಿ ಹಾಕಿ, ಚೀಲಕ್ಕೆ ಬದನೆಕಾಯಿ ಮಾತ್ರ ಹಾಕಿ. ಕತೆ ಭರಣಿಯೊಳಗೆ ಹೋಯಿತು, ನಾವು ಅಟ್ಟದ ಕೆಳಗೆ ಉಳಿದೆವು. ಕೇಳಿದವರು ಹೂಂ ಅನ್ನಿ. ಇರುವುದನ್ನೆಲ್ಲ ಇಲ್ಲೇ ಅಂದುಬಿಡಬೇಡಿ. ಮನೆಯಲ್ಲಿ ಯಾರೋ ಕಾಯುತ್ತಿರಬಹುದು.