ಮೆತ್ತೆ ಕೋಣೆಗೆ ಮಂಗಳಾರತಿ

ಕೆಂಪಾಜಮ್ಮ ಮಾನಸಿಕ ಆಸ್ಪತ್ರೆಯಲ್ಲಿ ಆಯಾ. ರೊಚ್ಚಿಗೆದ್ದ ರೋಗಿಗಳು ತಲೆ ಚಚ್ಚಿಕೊಳ್ಳದಿರಲಿ ಎಂದು ಅಲ್ಲೊಂದು ಕೋಣೆಯ ಗೋಡೆಗೂ ನೆಲಕ್ಕೂ ದಪ್ಪ ಮೆತ್ತೆ ಹೊದಿಸಿದ್ದರು. ಡಾಕ್ಟರಮ್ಮ ಕೆಲಸ ಒಪ್ಪಿ ಬಿಲ್ಲಿಗೆ ರುಜು ಹಾಕುವುದೊಂದೇ ಬಾಕಿ.

"ಬೇಗ ಹಾಕಿ ಮೇಡಂ, ಮಂತ್ರಿಗಳ ಕಡೆಯೋನು ನಾನು," ಎಂದು ಗುತ್ತಿಗೆದಾರ ನಂಜರಾಜಪ್ಪ ಅವಸರಪಡಿಸುತ್ತಿದ್ದ. "ಕರಾರಿನಲ್ಲಿದ್ದಂಗೇ ತಂದಿದೀನಿ. ಬೆಂಕಿ ಇಟ್ಟರೂ ಹತ್ತಲ್ಲ!"

ಯಾರೂ ಕೇಳದಿದ್ದರೂ ಮತ್ತೆ ಮತ್ತೆ ಅದನ್ನೇ ಹೇಳುತ್ತಿದ್ದ. ಒಳಗೆ ಸೀಮೆಎಣ್ಣೆಯಂಥ ವಾಸನೆ ಬೇರೆ. ಕೆಂಪಾಜಮ್ಮನಿಗೆ ಅನುಮಾನ ಬಂತು. ಆದರೆ ಆಯಾ ಮಾತು ಕೇಳುವವರಾರು? ಹೋಗಿ ತಟ್ಟೆಯಲ್ಲಿ ಕರ್ಪೂರ ಇಟ್ಟುಕೊಂಡು ಬಂದಳು.

"ಹೊಸ ಕೋಣೆ ಡಾಕ್ಟರಮ್ಮ, ರುಜು ಹಾಕೋ ಮೊದಲು ಒಂದು ಆರತಿ ಬೆಳಗಿಬಿಡ್ತೀನಿ."

"ಒಳ್ಳೇದೇ, ಬೆಳಗು," ಎಂದರು ಡಾಕ್ಟರಮ್ಮ. ನಂಜರಾಜಪ್ಪನೂ ಭಕ್ತಿಯಿಂದ ಚಪ್ಪಲಿ ಬಿಟ್ಟ. ಆಕೆ ಬೆಂಕಿಪೊಟ್ಟಣ ತೆಗೆದು ಕೋಣೆಯತ್ತ ಹೊರಟದ್ದೇ ತಡ, ಬಾಗಿಲಿಗೆ ಅಡ್ಡ ಹಾರಿ ನಿಂತ.

"ಒಳಗೆ ಬೇಡ! ಹೊರಗೇ ಬೆಳಗಮ್ಮ!"

"ಯಾಕೆ ಸ್ವಾಮಿ? ಬೆಂಕಿ ಇಟ್ಟರೂ ಹತ್ತಲ್ಲ ಅಂದ್ರಲ್ಲ?"

"ಅದು... ಹೊಗೆಗೆ ಬಣ್ಣ ಕೆಡುತ್ತೆ."

"ಒಂದೇ ಬಿಲ್ಲೆ ಕರ್ಪೂರ, ಎಷ್ಟು ಹೊಗೆ ಬಂದೀತು?" ಎನ್ನುತ್ತ ಆಕೆ ಕಡ್ಡಿ ಕೈಗೆತ್ತಿಕೊಂಡಳು.

"ಹತ್ತಿಕೊಂಡರೆ ಎಲ್ಲರೂ ಸುಟ್ಟುಹೋಗ್ತೀವಿ ಕಣಮ್ಮಾ!" ಎಂದು ನಂಜರಾಜಪ್ಪ ಕಿರುಚಿದ. ಕಿರುಚಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. "ಇವತ್ತೇ ಎಲ್ಲ ಕಿತ್ತುಕೊಂಡು ಹೋಗಿ."

ಕೆಂಪಾಜಮ್ಮ ಕಡ್ಡಿ ಗೀರಲೇ ಇಲ್ಲ.

"ನೀವು ಬಾಗಿಲಲ್ಲಿದ್ದೀರಿ ಸ್ವಾಮಿ, ಓಡಬಹುದು," ಎಂದಳು. "ಒಳಗಿರೋರಿಗೆ ಹೊರಗಿಂದ ಚಿಲಕ ಹಾಕೋಳು ನಾನು."