ಅಂಬಿಗಿತ್ತಿಯ ಪಾಳಿ

"ಅವ್ವ, ಯುದ್ಧಕ್ಕೆ ಹೋಗಬೇಡ ಅಂತ ನನ್ನ ಒಳಗೊಂದು ಮಾತು ಏಳುತ್ತಿದೆ. ಅದು ಅಂತಃಸಾಕ್ಷಿಯ ಮಾತೋ, ಬರೀ ಪ್ರಾಣಭಯವೋ? ತಿಳಿಯುವುದು ಹೇಗೆ?"

ಕೇಳಿದವನು ಶಿಷ್ಯ. ಕೋಟೆಯಿಂದ ಕರೆ ಬಂದಿತ್ತು. ಕೇರಿಗೊಬ್ಬ ಗಂಡಸು ಬರಬೇಕು, ಹೆಸರು ಹೋದವನು ಸಿಗದಿದ್ದರೆ ಪಕ್ಕದ ಮನೆಯವನನ್ನು ಹಿಡಿದು ಒಯ್ಯುತ್ತೇವೆ ಎಂದು ಡಂಗುರ ಸಾರಿದ್ದರು. ಅವನ ಕೇರಿಯಿಂದ ಅವನ ಹೆಸರು ಹೋಗಿತ್ತು. ಅವನು ಕೋಟೆಗೂ ಹೋಗದೆ, ಮನೆಯಲ್ಲೂ ನಿಲ್ಲದೆ ಗುರುವಿನ ಬಳಿಗೆ ಬಂದಿದ್ದ.

ಗುರು ವಯಸ್ಸಾದ ಹೆಂಗಸು. ಶಿಷ್ಯರು ಅವಳನ್ನು ಅವ್ವ ಎಂದೇ ಕರೆಯುತ್ತಿದ್ದರು. ಹಲವು ರಾಜ್ಯಗಳ ನೀರು ಕುಡಿದವಳು. ಒಂದೇ ಕಡೆ ಕೂತರೆ ಕಾಲು ಜೋಮು ಹಿಡಿಯುತ್ತದೆ ಎನ್ನುವವಳು.

"ಎರಡೂ ಒಂದೇ ದನಿಯಲ್ಲಿ ಮಾತಾಡುತ್ತವೆ. ಅದೇ ತೊಂದರೆ" ಎಂದಳು. ಆಮೇಲೆ ಈ ಕತೆ ಹೇಳಿದಳು.

ಒಬ್ಬ ಅಂಬಿಗಿತ್ತಿ ಜೋಳದ ಹೊಲಗಳ ನಡುವೆ ದಾರಿ ತಪ್ಪಿದ್ದಳು.

ಹೊಳೆಯಲ್ಲಿ ಅವಳು ಎಂದೂ ದಾರಿ ತಪ್ಪಿದವಳಲ್ಲ. ನೀರಿನ ಮೇಲೆ ನಿಂತರೆ ಎರಡೂ ದಡ ಕಾಣುತ್ತವೆ. ಇಲ್ಲಿ ಜೋಳ ತಲೆಗಿಂತ ಎತ್ತರಕ್ಕೆ ನಿಂತಿತ್ತು. ಎತ್ತ ನೋಡಿದರೂ ಅದೇ ದಂಟು, ಅದೇ ಬದು. ಒಂದು ಹೊಲದ ನಡುವೆ ಅಟ್ಟಣಿಗೆಯ ಮೇಲೆ ಒಬ್ಬ ಹೆಂಗಸು ಕವಣೆ ಹಿಡಿದು ಹಕ್ಕಿ ಕಾಯುತ್ತಿದ್ದಳು. ಅಂಬಿಗಿತ್ತಿ ಕೆಳಗಿನಿಂದ ಕೂಗಿ ಕೇಳಿದಳು.

"ಅಕ್ಕ, ಬಿಳಿಹಾಳಕ್ಕೆ ಯಾವ ಕಡೆ ಹೋಗಬೇಕು?"

"ನೀನು ಹೋಗದೆ ಇರೋ ಕಡೆ" ಎಂದಳು ಮೇಲಿದ್ದವಳು. "ಆಗಿನಿಂದ ನನ್ನ ಹೊಲವನ್ನೇ ಸುತ್ತುತ್ತಿದ್ದೀಯ. ಏನೋ ಹರಕೆ ಇರಬೇಕು, ಪ್ರದಕ್ಷಿಣೆ ಹಾಕುತ್ತಿದ್ದಾಳೆ ಅಂತ ಸುಮ್ಮನಿದ್ದೆ. ಮೇಲೆ ಬಾ, ನೀರು ಕುಡಿ."

ಅಂಬಿಗಿತ್ತಿ ಮೇಲೆ ಹತ್ತಿದಳು.

"ಯಾವ ಕಡೆಯವಳು?"

"ಹೊಳೆ ಕಡೆ. ಕಡವಿನಲ್ಲಿ ಹರಿಗೋಲು ಹಾಕಿ ಜನರನ್ನು ದಾಟಿಸುತ್ತೇನೆ."

"ಹರಿಗೋಲು ಬಿಟ್ಟು ಇಲ್ಲಿಗ್ಯಾಕೆ ಬಂದೆ?"

ಅಂಬಿಗಿತ್ತಿ ತಂಬಿಗೆ ಎತ್ತಿ ನೀರು ಕುಡಿದಳು. ಬಾಯಿ ತುಂಬಿದ್ದಾಗ ಉತ್ತರ ಕೊಡಬೇಕಾಗಿಲ್ಲ.

ಅವಳು ಬಂದದ್ದು ಹೀಗೆ. ಆ ಕಡವಿನಲ್ಲಿ ಅಂಬಿಗರ ಮನೆಗಳು ಪಾಳಿಯ ಮೇಲೆ ಹರಿಗೋಲು ನಡೆಸುತ್ತಿದ್ದವು. ಪಾಳಿ ಯಾರದೋ ಆ ದಿನ ಅವರೇ ಹುಟ್ಟು ಹಿಡಿಯಬೇಕು. ಕಷ್ಟ ಬಂದರೆ ಒಬ್ಬರ ಪಾಳಿಯನ್ನು ಇನ್ನೊಬ್ಬರಿಗೆ ಒಪ್ಪಿಸಬಹುದು. ಒಪ್ಪಿಸಿದವರು ಇನ್ನೊಂದು ದಿನ ಅವರ ಪಾಳಿ ಮಾಡಿ ಆ ಸಾಲ ತೀರಿಸಬೇಕು. ಇನ್ನೊಂದು ಕಟ್ಟಳೆಯೂ ಇತ್ತು. ಹೊಳೆಯಲ್ಲಿ ಏನೇ ಆಗಲಿ, ಹರಿಗೋಲು ಮುಳುಗಲಿ, ದನ ಕೊಚ್ಚಿಹೋಗಲಿ, ಅದಕ್ಕೆ ಆ ದಿನ ಹುಟ್ಟು ಹಿಡಿದವರೇ ಹೊಣೆ. ಪಾಳಿ ಒಪ್ಪಿಸಿ ಹೋದವರನ್ನು ಯಾರೂ ಕೇಳುವ ಹಾಗಿಲ್ಲ.

ಹಿಂದಿನ ಸಂಜೆ ಕೋಟೆಯಿಂದ ಒಬ್ಬ ಓಲೆಕಾರ ಬಂದಿದ್ದ.

"ನಾಳೆ ಪಾಳಿ ಯಾರದು?"

"ನನ್ನದು."

"ಹೊತ್ತು ಮುಳುಗುವಾಗ ದಂಡು ಬರುತ್ತದೆ. ಆಚೆ ದಡಕ್ಕೆ ದಾಟಿಸಬೇಕು. ಸುದ್ದಿ ನಿನ್ನ ಬಾಯಿ ದಾಟಬಾರದು."

ದಂಡು ಏಕೆ ದಾಟುತ್ತದೆಂದು ಅವಳು ಕೇಳಲಿಲ್ಲ. ಹೊಲದ ಜೋಳ ಇನ್ನೂ ನಿಂತಿದ್ದರೂ ಹೊಳೆದಂಡೆಯ ಭತ್ತ ಕೊಯ್ದು ಆಚೆಯವರ ಕಣಗಳಲ್ಲಿ ರಾಶಿ ಬಿದ್ದಿದ್ದ ಕಾಲ. ಹೋದ ವರ್ಷ ಇದೇ ಕಾಲಕ್ಕೆ ಆಚೆಯ ದಂಡು ಬಂದು ಈಚೆಯ ಕಣಗಳಿಗೆ ಬೆಂಕಿ ಇಟ್ಟಿತ್ತು. ಅವಳ ಬಣವೆಯೂ ಬೂದಿಯಾಗಿತ್ತು. ಆ ದಂಡನ್ನು ಆಚೆಯ ಅಂಬಿಗನೊಬ್ಬ ದಾಟಿಸಿದ್ದ. ಬೆಂಕಿ ಇಟ್ಟವರ ಮುಖ ಅವಳು ಕಂಡಿರಲಿಲ್ಲ. ಅಂಬಿಗನ ಮುಖ ಗೊತ್ತಿತ್ತು. ವರ್ಷವಿಡೀ ಅವನ ಹೆಸರು ಹಿಡಿದು ಶಪಿಸಿದ್ದಳು. ಹೊಳೆಯ ನಡುವೆ ಅವನ ಹರಿಗೋಲು ಎದುರಾದರೆ ಹಿಡಿ ಮಣ್ಣು ತೂರುವುದಕ್ಕೆಂದೇ ಸೆರಗಿನಲ್ಲಿ ಮಣ್ಣು ಕಟ್ಟಿಕೊಂಡು ಹೋಗುತ್ತಿದ್ದಳು.

ಓಲೆಕಾರ ಹೋದ ಮೇಲೆ ಅವಳು ದಡದಲ್ಲೇ ಕೂತಳು. ತಾನು ಆ ದಂಡನ್ನು ದಾಟಿಸಬಾರದು ಅನ್ನಿಸಿತು. ದಾಟಿಸುವುದಿಲ್ಲ ಎಂದರೆ ಕೊಲ್ಲುತ್ತಾರೆ ಎಂದೂ ಅನ್ನಿಸಿತು. ಯಾವುದು ಮೊದಲು ಅನ್ನಿಸಿತೋ ಅವಳಿಗೇ ಗೊತ್ತಾಗಲಿಲ್ಲ.

ಬೆಳಗ್ಗೆ ಎದ್ದು ಪಕ್ಕದ ಮನೆಯ ದ್ಯಾವಕ್ಕನ ಬಾಗಿಲಿಗೆ ಹೋದಳು. "ದ್ಯಾವಕ್ಕ, ಬಿಳಿಹಾಳದಲ್ಲಿ ಅತ್ತಿಗೆಗೆ ದಿನ ತುಂಬಿದೆಯಂತೆ. ಇವತ್ತಿನ ಪಾಳಿ ನೀನು ತಗೋ."

"ಅದಕ್ಕೇನು, ಹೋಗಿ ಬಾ ತಂಗಿ" ಎಂದಳು ದ್ಯಾವಕ್ಕ. "ಬಾಣಂತಿಗೆ ಅಂತ ಒಂದಿಷ್ಟು ಒಣಮೀನು ಕೊಡಲೇನು?"

ಅಂಬಿಗಿತ್ತಿ ಒಣಮೀನು ಇಸಿದುಕೊಂಡಳು. ದಂಡಿನ ಮಾತು ಎತ್ತಲಿಲ್ಲ. ಪಾಳಿ ಒಪ್ಪಿಸಿದ ಮೇಲೆ ಹೊಳೆಯ ಹೊಣೆ ತನ್ನದಲ್ಲ, ಹುಟ್ಟು ತನ್ನ ಕೈಯಲ್ಲಿಲ್ಲದ ಮೇಲೆ ಪಾಪವೂ ತನ್ನದಲ್ಲ ಎಂದು ಲೆಕ್ಕ ಹಾಕಿದಳು. ಕಟ್ಟಳೆಯ ಪ್ರಕಾರ ಲೆಕ್ಕ ಸರಿಯಾಗಿಯೇ ಇತ್ತು. ಊರ ಗಡಿ ದಾಟುವ ಹೊತ್ತಿಗೆ ಎದೆಯ ಡವಡವ ನಿಂತಿತು. ಈಗ ತನ್ನನ್ನು ಯಾರೂ ಕೊಲ್ಲುವುದಿಲ್ಲ ಎಂದುಕೊಂಡಳು. ಹಗುರಾಗಿ ನಡೆಯಬಹುದಿತ್ತು. ಆದರೂ ಏನೋ ಒಂದು ಹಿಂದೆಯೇ ಬರುತ್ತಿತ್ತು. ಅದನ್ನು ತಪ್ಪಿಸಿಕೊಳ್ಳಲು ಹೋಗಿ ದಾರಿ ತಪ್ಪಿದಳು.

ಅಟ್ಟಣಿಗೆಯ ಮೇಲೆ ಹಕ್ಕಿ ಕಾಯುವವಳು ಮಾತು ನಿಲ್ಲಿಸಿ ಕವಣೆ ಬೀಸಿದಳು. ಗಿಳಿಗಳ ಹಿಂಡು ಕಿರುಚುತ್ತ ಎದ್ದಿತು, ಬದು ದಾಟಿ ಆಚೆ ಇಳಿಯಿತು. ಕೂಡಲೇ ಅಲ್ಲಿಂದ ಒಂದು ಹೆಣ್ಣು ದನಿ ಬೈಯತೊಡಗಿತು.

"ಯಾರನ್ನು ಬೈತಿದ್ದಾಳೆ ಅವಳು?" ಎಂದಳು ಅಂಬಿಗಿತ್ತಿ.

"ನನ್ನನ್ನೇ. ಪಕ್ಕದ ಹೊಲದವಳು. ನಾನು ಎಬ್ಬಿಸಿದ ಹಕ್ಕಿ ಅವಳ ತೆನೆ ಮೇಲೆ ಕೂರುತ್ತವೆ."

"ಓಡಿಸಿದೆ ಅಂತ ನೀನು, ಬಂದವು ಅಂತ ಅವಳು."

"ಮತ್ತೇನು? ನನ್ನ ಹೊಲ ಬಿಟ್ಟು ಹೋದ ಮಾತ್ರಕ್ಕೆ ಗಿಳಿಯ ಹೊಟ್ಟೆ ತುಂಬುತ್ತದೇನು? ಎಲ್ಲೋ ಒಂದು ಕಡೆ ತಿಂದೇ ತಿನ್ನುತ್ತವೆ. ಪಾಪ, ಅವಳಿಗೆ ಕಣ್ಣೂ ಮಂಜು. ಹಕ್ಕಿ ಕೂತಿದ್ದು ತಿಳಿಯೋ ಹೊತ್ತಿಗೆ ಅರ್ಧ ತೆನೆ ಹೋಗಿರುತ್ತದೆ." ಅವಳು ಕವಣೆಗೆ ಇನ್ನೊಂದು ಕಲ್ಲು ಇಟ್ಟಳು. "ಸಂಜೆ ಅವಳ ಮುಖ ನೋಡದ ಹಾಗೆ ಬೇರೆ ಬದುವಿನ ಮೇಲೆ ಮನೆಗೆ ಹೋಗುತ್ತೇನೆ."

ಅಂಬಿಗಿತ್ತಿಗೆ ನಗು ಬಂತು. ಅರ್ಧ ನಕ್ಕವಳು ದ್ಯಾವಕ್ಕನ ನೆನಪಾಗಿ ನಗು ನಿಲ್ಲಿಸಿದಳು. ತಂಬಿಗೆ ಕೆಳಗಿಟ್ಟಳು.

"ಅಕ್ಕ, ಹೊಳೆಗೆ ಯಾವ ಕಡೆ ಹೋಗಬೇಕು?"

"ಬಿಳಿಹಾಳ ಅಂದೆಯಲ್ಲ?"

"ಹೊಳೆಗೆ."

"ಆ ಜಾಲಿ ಮರ ಎಡಕ್ಕೆ ಬಿಟ್ಟು ನೆಟ್ಟಗೆ ಹೋಗು. ಹೊತ್ತಿರುವಾಗ ಮುಟ್ಟಬೇಕಾದರೆ ಓಡಬೇಕು."

ಓಡಿದಳು. ನೀರಿನವಳಿಗೆ ನೆಲದ ಮೇಲೆ ಓಡುವುದು ಬರುವುದಿಲ್ಲ. ಎರಡು ಕಡೆ ಬಿದ್ದಳು. ಹೊಳೆ ಹತ್ತಿರವಾದಂತೆ ಹೆದರಿಕೆ ಮತ್ತೆ ಬಂತು. ಊರ ಗಡಿಯಲ್ಲಿ ಅದು ಅವಳಿಗಾಗಿ ಕಾದು ಕೂತಿತ್ತು. ಹಿಂದೆ ಬರುತ್ತಿದ್ದ ಇನ್ನೊಂದು ಈಗ ಹಿಂದೆ ಇರಲಿಲ್ಲ, ಅವಳ ಜೊತೆಗೇ ನಡೆಯುತ್ತಿತ್ತು.

ಕಡವಿನಲ್ಲಿ ದಂಡು ಆಗಲೇ ಬಂದಿತ್ತು. ಈಟಿಗಳು, ಎಣ್ಣೆಯಲ್ಲಿ ನೆನೆಸಿದ ಪಂಜುಗಳ ಕಟ್ಟುಗಳು. ದ್ಯಾವಕ್ಕ ಹರಿಗೋಲಿನ ಪಕ್ಕ ಹುಟ್ಟನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಅಂಬಿಗಿತ್ತಿಯನ್ನು ಕಂಡು ಅವಳು ಎಲ್ಲವನ್ನೂ ತಿಳಿದುಕೊಂಡಳು.

"ಇಷ್ಟು ಬೇಗ ಹೆರಿಗೆ ಆಯಿತೇನೆ ತಂಗಿ?" ಎಂದಳು. "ಗಂಡೋ, ಹೆಣ್ಣೋ?"

ಅಂಬಿಗಿತ್ತಿ ತಲೆ ಎತ್ತಲಿಲ್ಲ. "ಹುಟ್ಟು ಇತ್ತ ಕೊಡು."

"ಒಪ್ಪಿಸಿದ ಪಾಳಿ ಹಿಂದಕ್ಕೆ ಕೇಳೋ ರೀತಿ ನಮ್ಮಲ್ಲಿಲ್ಲ. ನಿನಗೂ ಗೊತ್ತು. ಇವತ್ತಿನ ಪಾಳಿ ನನ್ನದು."

"ನಿನ್ನದೇ. ನಾನು ಹಿಂದಕ್ಕೆ ಕೇಳುತ್ತಿಲ್ಲ. ನಿನ್ನದೊಂದು ಪಾಳಿ ಮಾಡುವ ಸಾಲ ನನ್ನ ಮೇಲಿದೆಯಲ್ಲ, ಅದನ್ನು ತೀರಿಸುವುದಕ್ಕೆ ಬಂದೆ. ಇವತ್ತಿನ ಈ ಪಾಳಿಯನ್ನೇ ಮಾಡಿ ತೀರಿಸುತ್ತೇನೆ."

ದ್ಯಾವಕ್ಕ ಅವಳ ಮುಖ ನೋಡಿದಳು. ಕಟ್ಟಳೆಯಲ್ಲಿ ಅದಕ್ಕೆ ಅಡ್ಡಿ ಇರಲಿಲ್ಲ. ಸಾಲಗಾರ ಯಾವ ದಿನ ತೀರಿಸಬೇಕೆಂದು ಯಾರೂ ಗೊತ್ತುಮಾಡಿರಲಿಲ್ಲ. ಅವಳು ಹಿಡಿತ ಬಿಟ್ಟಳು. ಹುಟ್ಟು ಅಂಬಿಗಿತ್ತಿಯ ಕೈಗೆ ಬಂತು.

ದಂಡಿನ ನಾಯಕ ಕುದುರೆಯ ಮೇಲಿಂದಲೇ ಕೇಳಿದ. "ನಿಮ್ಮ ಲೇವಾದೇವಿ ಮುಗಿಯಿತೇನು? ಹತ್ತಿಸು."

"ದಾಟಿಸುವುದಿಲ್ಲ" ಎಂದಳು ಅಂಬಿಗಿತ್ತಿ. ಹುಟ್ಟನ್ನು ಮರಳಿಗೆ ಊರಿ ಹರಿಗೋಲಿಗೆ ಅಡ್ಡ ನಿಂತಳು.

"ಹೋದ ವರ್ಷ ನಿನ್ನ ಬಣವೆ ಸುಟ್ಟವರು ಅವರು. ಮರೆತೆಯಾ?"

"ಮರೆತಿಲ್ಲ. ಅವರನ್ನು ದಾಟಿಸಿದವನನ್ನೂ ಮರೆತಿಲ್ಲ."

ಇಷ್ಟು ಹೇಳಿ ಅವ್ವ ಕತೆ ನಿಲ್ಲಿಸಿದಳು.

"ದಂಡು ಬೇರೆ ಕಡವಿಗೆ ಹೋಗಿರಬೇಕು" ಎಂದ ಶಿಷ್ಯ.

"ಹೋಯಿತು. ಎರಡು ದಿನ ತಡವಾಗಿ ದಾಟಿತು. ಕೆಲವರು ಆ ಎರಡು ದಿನದಲ್ಲಿ ರಾಶಿ ಮನೆ ಸೇರಿಸಿಕೊಂಡರು. ಕೆಲವರಿಗೆ ಆಗಲಿಲ್ಲ."

"ಅವಳನ್ನು ಏನು ಮಾಡಿದರು?"

"ಸಾಯಿಸಲಿಲ್ಲ. ಆದರೆ ಅವಳ ಬಲಗೈ ಮತ್ತೆ ಹುಟ್ಟು ಹಿಡಿಯಲಿಲ್ಲ."

ಶಿಷ್ಯ ತನ್ನ ಕೈಗಳನ್ನು ನೋಡಿಕೊಂಡ. "ಅವಳು ಬಿಳಿಹಾಳಕ್ಕೆ ಹೋಗಿದ್ದರೂ ದಂಡನ್ನು ದಾಟಿಸಿದ ಹಾಗಾಗುತ್ತಿರಲಿಲ್ಲ. ಕೈಯೂ ಉಳಿಯುತ್ತಿತ್ತು. ಅಲ್ಲವೆ ಅವ್ವ? ನಾನೂ ಯಾರನ್ನೂ ಕೊಲ್ಲಬಾರದು ಅಂತಲೇ ಇಲ್ಲಿಗೆ ಬಂದದ್ದು."

"ಹೌದಪ್ಪ" ಎಂದಳು ಅವ್ವ. "ನಿಮ್ಮ ಕೇರಿಯಲ್ಲಿ, ನಿಮ್ಮ ಪಕ್ಕದ ಮನೆಯಲ್ಲಿ ಯಾರಿದ್ದಾರೆ?"

ಶಿಷ್ಯ ಮೇಲೆದ್ದು ತನ್ನ ಕೇರಿಯ ಕಡೆ ತಿರುಗಿದ.