ಮರಡಿಕೋಟೆಯ ಬೆಲ್ಲದ ಬಾಗಿಲು

ಮರಡಿಕೋಟೆಗೆ ಬರುವ ಬಸ್ಸು ಕೋಟೆಯೊಳಗೆ ಹೋಗುವುದಿಲ್ಲ. ಪಡುವಣ ಗೋಡೆಯ ಹೊರಗೆ ಜನರನ್ನು ಇಳಿಸಿ ಹಾಗೆಯೇ ತಿರುಗಿಕೊಳ್ಳುತ್ತದೆ. ಇಳಿದವರು ಊರು ಸೇರಬೇಕಾದರೆ ಒಂದು ದೊಡ್ಡ ಕಮಾನಿನ ಅಡಿಯಲ್ಲಿ ನಡೆದೇ ಹೋಗಬೇಕು. ಎರಡಾಳೆತ್ತರದ ಕಲ್ಲುಗೋಡೆಗಳ ಮೇಲೆ ಇಟ್ಟಿಗೆ ಮತ್ತು ಗಾರೆಯಿಂದ ಕಟ್ಟಿದ ಈ ಕಮಾನು ಇನ್ನೂರು ವರ್ಷಕ್ಕೂ ಮಿಕ್ಕಿ ನಿಂತಿದೆ. ಅದರ ಮೇಲಿದ್ದ ಕಾವಲುಗೂಡುಗಳು ಬಿದ್ದುಹೋಗಿವೆ. ಹಲಗೆಯ ಕದಗಳು ಯಾರ ಮನೆಯ ಒಲೆ ಸೇರಿದವೋ ತಿಳಿಯದು. ಕಮಾನಿಗೆ ಮಾತ್ರ ಕೂದಲೆಳೆಯಷ್ಟು ಬಿರುಕೂ ಇಲ್ಲ. ಪಕ್ಕದ ನೀಲಿ ಫಲಕದಲ್ಲಿ 'ಪಶ್ಚಿಮ ಮಹಾದ್ವಾರ' ಎಂದು ಬರೆದಿದ್ದಾರೆ. ಆ ಹೆಸರು ಹಿಡಿದು ವಿಚಾರಿಸಿದರೆ ಊರಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ನಮಗೆ ಅದು ಬೆಲ್ಲದ ಬಾಗಿಲು. ಹಿಂದೆ ಅಲ್ಲಿ ಬೆಲ್ಲದ ಸಂತೆ ಕೂಡುತ್ತಿತ್ತೆಂದು ಯಾರೋ ತಿಳಿದವರು ಬರೆದಿದ್ದಾರಂತೆ. ಪುಣ್ಯಾತ್ಮರು ಒಮ್ಮೆ ಊರಿಗೆ ಬಂದು ನೋಡಬಹುದಿತ್ತು. ಈ ಕಲ್ಲುಗುಡ್ಡಗಳ ಸೀಮೆಯಲ್ಲಿ ಕಬ್ಬು ಬೆಳೆದದ್ದನ್ನು ನಮ್ಮ ಮುತ್ತಜ್ಜಂದಿರೂ ಕಂಡಿಲ್ಲ. ಬೆಲ್ಲವೆಂಬುದು ಎತ್ತಿನ ಮೇಲೆ ಹೇರಿಕೊಂಡು ಹೊರಗಿನಿಂದ ಬರುತ್ತಿದ್ದ, ಹಬ್ಬಕ್ಕಷ್ಟೇ ಒಡೆಯುತ್ತಿದ್ದ ವಸ್ತು.

ಹದಿನೆಂಟನೆಯ ಶತಮಾನ ಮುಗಿಯಲು ಇನ್ನೂ ಹತ್ತು ಹದಿನೈದು ವರ್ಷ ಇದ್ದಾಗಿನ ಮಾತು ಎನ್ನುತ್ತಾರೆ. ಆಗ ಈ ಕೋಟೆಯನ್ನು ಮುದ್ದಯ್ಯ ನಾಯಕನೆಂಬ ಸಣ್ಣ ಪಾಳೆಯಗಾರ ಆಳುತ್ತಿದ್ದ. ಹಳೆಯ ಬಾಗಿಲಿನ ತೊಲೆಗಲ್ಲು ಒಂದು ಮಳೆಗಾಲದಲ್ಲಿ ಬಿರಿದು ಕೂತಿತು. ಅದನ್ನು ತೆಗೆಸಿ ಇನ್ನೊಂದು ಕಲ್ಲು ಏರಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಅದು ಎಲ್ಲ ಕಡೆಯೂ ಹೊಸ ಮಹಲು, ಹೊಸ ಬುರುಜುಗಳು ಏಳುತ್ತಿದ್ದ ಕಾಲ. ಆನೆಯ ಮೇಲೆ ಅಂಬಾರಿಯಲ್ಲಿ ಕೂತೇ ಒಳಗೆ ಬರುವಷ್ಟು ಎತ್ತರದ ಕಮಾನು ತನಗೂ ಬೇಕೆಂದು ನಾಯಕ ಹಟ ಹಿಡಿದ. ಅವನಲ್ಲಿ ಆನೆ ಇರಲಿಲ್ಲ, ಅದು ಬೇರೆ ಮಾತು. ಕಮಾನು ಕಟ್ಟುವ ವಿದ್ಯೆ ಬಲ್ಲವರು ಊರಿನಲ್ಲಿ ಇಲ್ಲದ್ದರಿಂದ ಶಿರಾದಿಂದ ಮಸ್ತಾನ್ ಸಾಬಿ ಎಂಬ ಮೇಸ್ತ್ರಿಯನ್ನು ಕರೆಸಿದರು. ಅವನು ಮಿತಮಾತಿನ, ಕಟ್ಟುನಿಟ್ಟಿನ ಮನುಷ್ಯ. ಕಮಾನು ಕಟ್ಟುವಾಗ ಕೆಳಗೆ ಮರದ ಆಸರೆ ಕೊಟ್ಟು, ಗಾರೆ ಬಿಗಿದ ಮೇಲೆ ಆ ಆಸರೆಯನ್ನು ತೆಗೆಯುತ್ತಾರಷ್ಟೆ. ಆಸರೆ ತೆಗೆಯುವ ಗಳಿಗೆಯಲ್ಲಿ ಮೇಸ್ತ್ರಿ ತಾನೇ ಕಮಾನಿನ ನಡುವಿಗೆ ಹೋಗಿ ನಿಲ್ಲುವುದು ಅವನ ಮನೆತನದ ನಡಾವಳಿ. ಬಿದ್ದರೆ ಮೊದಲು ಕಟ್ಟಿದವನ ತಲೆಯ ಮೇಲೆ ಬೀಳಲಿ ಎಂದು. ಮಸ್ತಾನ್ ಸಾಬಿ ಕೆಲಸಕ್ಕೆ ಕೈ ಹಾಕುವ ಮೊದಲೇ ಚಾವಡಿಯಲ್ಲಿ ಹತ್ತು ಜನರೆದುರು ಆ ಮಾತು ಕೊಟ್ಟಿದ್ದ.

ಗಾರೆ ಅರೆಯುವ ಗಾಣ ಊರಿನ ಉಪ್ಪಾರರ ತಿಪ್ಪಕ್ಕನ ಕೈಯಲ್ಲಿತ್ತು. ಗುಂಡಗಿನ ಕಲ್ಲಿನ ಕಾಲುವೆಯಲ್ಲಿ ಸುಣ್ಣ, ಮರಳು, ಅಳಲೆಕಾಯಿಯ ನೀರು ಹಾಕಿ, ಎತ್ತುಗಳಿಂದ ಕಲ್ಲಿನ ಚಕ್ರ ತಿರುಗಿಸಿ, ಬೆಣ್ಣೆಯಂತಾಗುವ ತನಕ ಅರೆಯುವುದು ಅವಳ ಕೆಲಸ. ಗಾರೆಗೆ ಬಿಗಿ ಬರಲೆಂದು ಕೊನೆಗೆ ಬೆಲ್ಲದ ನೀರು ಸೇರಿಸುತ್ತಾರೆ. ಒಂದು ಗಾಣಕ್ಕೆ ಒಂದು ಕೊಡ ಎಂದು ಮೇಸ್ತ್ರಿ ಅಳತೆ ಹೇಳಿದ್ದ, ತಿಪ್ಪಕ್ಕ ಅದನ್ನು ತಪ್ಪಿಸಲಿಲ್ಲ. ಆದರೆ ಮೇಸ್ತ್ರಿಗೆ ಗೊತ್ತಿಲ್ಲದ ಒಂದು ಪದ್ಧತಿ ಮರಡಿಕೋಟೆಯಲ್ಲಿತ್ತು. ಊರಿನಲ್ಲಿ ಗುಡಿಯೋ ಛತ್ರವೋ ಏಳುವಾಗ ಪ್ರತಿ ಮನೆಯಿಂದಲೂ ಒಂದು ತಂಬಿಗೆ ಬೆಲ್ಲದ ನೀರು ತಂದು ಗಾರೆಗೆ ಹೊಯ್ಯುತ್ತಿದ್ದರು. ಗೋಡೆಯಲ್ಲಿ ನಮ್ಮದೂ ಒಂದು ಪಾಲು ಇರಲಿ ಎಂಬ ಆಸೆ. ಚಿಕ್ಕ ಗುಡಿ ಕಟ್ಟುವಾಗ ಒಂದು ಕೇರಿಯವರು ಹೊಯ್ಯುತ್ತಿದ್ದುದರಿಂದ ಯಾವ ತೊಂದರೆಯೂ ಆಗಿರಲಿಲ್ಲ. ಈ ಬಾಗಿಲಾದರೋ ಇಡೀ ಊರಿನದು. ಮೇಸ್ತ್ರಿ ಊಟಕ್ಕೆ ಹೋದ ಹೊತ್ತಿನಲ್ಲಿ ಒಬ್ಬೊಬ್ಬರೇ ಬಂದು, ಕೈಮುಗಿದು, ಸುರಿದು ಹೋದರು. ಒಂದು ತಂಬಿಗೆಯಿಂದ ಏನಾದೀತು ಎಂದೇ ಪ್ರತಿಯೊಬ್ಬರೂ ಅಂದುಕೊಂಡರು. ಬೆಲ್ಲ ಹದವಾಗಿದ್ದರೆ ಗಾರೆ ಕಲ್ಲಾಗುತ್ತದೆ, ಮಿತಿಮೀರಿದರೆ ಹಸಿಯಾಗಿಯೇ ಉಳಿಯುತ್ತದೆ. ಮೂವತ್ತು ವರ್ಷ ಗಾಣ ತಿರುಗಿಸಿದ ತಿಪ್ಪಕ್ಕನಿಗೂ ಆಗ ಅದು ಹೊಳೆಯಲಿಲ್ಲ. ಸಂಭ್ರಮದಲ್ಲಿ ಮೊದಲನೆಯ ತಂಬಿಗೆ ಹೊಯ್ದವಳೇ ಅವಳು.

ಕಮಾನು ಕೂಡಿತು. ನಾಯಕನ ಮಗಳ ಮದುವೆ ನಿಶ್ಚಯವಾಗಿ, ದಿಬ್ಬಣ ಹೊಸ ಬಾಗಿಲಿನಿಂದಲೇ ಹೊರಡಬೇಕೆಂದೂ, ಅದಕ್ಕೆ ಮೂರು ದಿನ ಮೊದಲು ಆಸರೆ ತೆಗೆಯಬೇಕೆಂದೂ ತೀರ್ಮಾನವಾಯಿತು. ಆ ದಿನ ಹತ್ತಿರ ಬಂದಾಗ ಒಂದು ಬೆಳಿಗ್ಗೆ ತಿಪ್ಪಕ್ಕ ಕಸ ಗುಡಿಸಲು ಹೋದವಳು ಗೋಡೆಯ ಮೇಲೆ ಇರುವೆಗಳ ಸಾಲು ಕಂಡಳು. ಸಾಲು ಕಮಾನಿನೊಳಕ್ಕೆ ಹೋಗುತ್ತಿತ್ತು. ಏಣಿ ಹತ್ತಿ ಇಟ್ಟಿಗೆಯ ಸಂದಿಗೆ ಉಗುರು ಹಾಕಿದಳು, ಉಗುರು ಪೂರ್ತಿ ಇಳಿಯಿತು. ನಾಲಿಗೆಗೆ ಮುಟ್ಟಿಸಿ ನೋಡಿದಳು. ಸಿಹಿಯಾಗಿತ್ತು. ನೇರವಾಗಿ ಮೇಸ್ತ್ರಿಯ ಬಿಡಾರಕ್ಕೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು.

"ಎಷ್ಟು ತಂಬಿಗೆ ಹಾಕಿದ್ದಾರವ್ವ?" ಎಂದು ಕೇಳಿದ ಮಸ್ತಾನ್ ಸಾಬಿ.

"ಎಣಿಸ್ದೋರ್ಯಾರು ಸಾಬ್ರೇ? ಊರಿಗೆ ಊರೇ ಹಾಕೈತೆ."

ಜನರ ಭಕ್ತಿಯಿಂದ ಕಮಾನು ಕೆಟ್ಟಿತೆಂದು ಹೊರಗಿನವನು ಹೇಳಿದರೆ ಯಾರು ನಂಬಿಯಾರು? ಕೆಲಸ ಬಾರದವನು ನೆಪ ಹೇಳುತ್ತಾನೆ ಎಂದಾರು. ಕೊಟ್ಟ ಮಾತಿನಂತೆ ನಿಂತುಬಿಡುತ್ತೇನೆ, ಉಳಿದದ್ದು ದೇವರಿಗೆ ಬಿಟ್ಟದ್ದು ಎಂದ ಮೇಸ್ತ್ರಿ. ಅಂದರೆ ಆ ಮನುಷ್ಯ ನಾಲ್ಕು ದಿನದಲ್ಲಿ ಸಾಯುತ್ತಾನೆ ಎಂದು ತಿಪ್ಪಕ್ಕನಿಗೆ ಅರ್ಥವಾಯಿತು. ಬಾಯಿ ಬಿಟ್ಟರೆ ಅತ್ತೆಯ ಕಾಲದಿಂದ ಬಂದ ಗಾಣ ಕೈತಪ್ಪುತ್ತದೆ, ನಾಯಕನ ಸಿಟ್ಟಿಗೆ ಊರನ್ನೇ ಬಿಡಬೇಕಾದೀತು. ಅವಳು ಮನೆಗೆ ಹೋಗಲಿಲ್ಲ. ಸುಣ್ಣ ಮೆತ್ತಿದ ಸೀರೆಯಲ್ಲೇ ಚಾವಡಿಗೆ ನಡೆದಳು.

ಮದುವೆಯ ಮಾತಿಗೆಂದು ಅಲ್ಲಿ ಊರೆಲ್ಲ ಸೇರಿತ್ತು. "ಬುದ್ಧಿ, ಗಾರೆ ಹಸಿ ಐತೆ. ಆಸರೆ ತೆಗುದ್ರೆ ಕಮಾನು ಬೀಳ್ತೈತೆ. ಮೇಸ್ತ್ರಿದು ತಪ್ಪಿಲ್ಲ, ಲೆಕ್ಕಕ್ಕಿಂತ ಹೆಚ್ಗೆ ಒಂದು ತಂಬಿಗೆ ಬೆಲ್ಲದ ನೀರು ಹುಯ್ದೋಳು ನಾನು" ಎಂದಳು. ನಾಯಕನ ಕಣ್ಣು ಕೆಂಪಾಯಿತು. ಒಂದು ತಂಬಿಗೆಯಿಂದ ಇಷ್ಟು ದೊಡ್ಡ ಕಮಾನು ಕೆಡುತ್ತದೆಯೇ ಎಂದು ಗದರಿದ. ಇದ್ದಕ್ಕಿದ್ದಂತೆ ಎಲ್ಲರಿಗೂ ತಮ್ಮ ತಮ್ಮ ಕಾಲ್ಬೆರಳು ನೋಡುವ ಕೆಲಸ ಬಂದಿತ್ತು. ಕೊನೆಗೆ ಪೂಜಾರಿ ಕೆಂಚಯ್ಯ ಗಂಟಲು ಸರಿಮಾಡಿಕೊಂಡು, ಗುಡಿಯಿಂದಲೂ ಒಂದು ತಂಬಿಗೆ ಹೋಗಿದೆ ಎಂದ. ಅವನ ಹಿಂದೆ ನೇಕಾರರು ಒಪ್ಪಿಕೊಂಡರು, ಕುಂಬಾರರು ಒಪ್ಪಿಕೊಂಡರು, ಕಾವಲಿನವರೂ ಒಪ್ಪಿಕೊಂಡರು. ಎಲ್ಲ ಮುಗಿಯಿತು ಎನ್ನುವಾಗ ಪರದೆಯ ಹಿಂದಿನಿಂದ ನಾಯಕನ ತಾಯಿಯ ದನಿ ಕೇಳಿತು: "ಅರಮನೆಯಿಂದ ಹೋದದ್ದು ತಂಬಿಗೆ ಅಲ್ಲಪ್ಪ, ಕೊಪ್ಪರಿಗೆ. ನಿನ್ನ ಹೆಸರ್ನಾಗೇ ಹುಯ್ಸಿದೆ."

ನಾಯಕ ಒಂದು ಗಳಿಗೆ ತಾಯಿ ಕೂತಿದ್ದ ಕಡೆ ನೋಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. ಮೇಸ್ತ್ರಿಯನ್ನು ಕರೆಸಿ ದಾರಿ ಕೇಳಿದರು. ಎರಡು ಬೇಸಿಗೆಯ ಬಿಸಿಲು ಕುಡಿಯಲಿ, ಅಲ್ಲಿಯವರೆಗೆ ಒಂದು ಗೂಟವನ್ನೂ ಅಲ್ಲಾಡಿಸಬೇಡಿ ಎಂದ ಅವನು. ಹಾಗಾಗಿ ಮದುವೆಯ ದಿಬ್ಬಣ ಮರದ ಗೂಟಗಳ ನಡುವೆಯೇ ನುಸುಳಿ ಹೊರಟಿತು. ಅಂಬಾರಿಯ ಕನಸು ಕಂಡಿದ್ದ ನಾಯಕ ಕುದುರೆಯಿಂದಲೂ ಇಳಿದು, ತಲೆ ಬಗ್ಗಿಸಿಕೊಂಡು ಮಗಳ ಹಿಂದೆ ನಡೆದ.

ಎರಡು ಬೇಸಿಗೆ ಕಳೆದವು. ಆಸರೆ ತೆಗೆಯುವ ದಿನ ಮಸ್ತಾನ್ ಸಾಬಿ ಹೊರಮೈಗೆ ಬಳಿಯಲು ಕೊನೆಯ ಗಾರೆ ಅರೆಸುತ್ತಿದ್ದ. ತಿಪ್ಪಕ್ಕ ಗಾಣ ನಿಲ್ಲಿಸಿದಳು. "ಊರೆಲ್ಲ ಹಾಕೈತೆ ಸಾಬ್ರೇ. ನೀವೊಬ್ರೇ ಉಳ್ದಿರೋದು." ಅವನು ತಾನು ನೀರು ಕುಡಿಯುತ್ತಿದ್ದ ಮೂತಿಯ ಗಿಂಡಿಯಲ್ಲಿ ಬೆಲ್ಲ ಕದಡಿ, ಅಳೆಯದೆ ಸುರಿದ. ಆ ಕೆಲಸ ಮುಗಿಸಿ ಕಮಾನಿನ ನಡುವಿಗೆ ಹೋಗಿ ನಿಂತ. ನಿಂತು ತಿರುಗಿದರೆ ಪಕ್ಕದಲ್ಲಿ ತಿಪ್ಪಕ್ಕ.

"ಆಚೆ ಹೋಗವ್ವ."

"ಮೊದಲ್ನೇ ತಂಬಿಗೆ ನಂದು. ನಾನ್ಯಾಕೆ ಹೋಗ್ಲಿ?"

ಆ ಮಾತು ಕೇಳಿದ್ದೇ ತಡ, ಕೆಂಚಯ್ಯ ಬಂದ. ನೇಕಾರರು, ಕುಂಬಾರರು, ಕಾವಲಿನವರು ಬಂದರು. ನಾಯಕ ಬಂದ. ಅವನ ತಾಯಿಯನ್ನು ಮಣೆಯ ಸಮೇತ ಎತ್ತಿ ತಂದು ಕೂರಿಸಿದರು. ಗೂಟ ಕೀಳುವ ಆಳುಗಳ ಹೊರತು ಹೊರಗೆ ಯಾರೂ ಉಳಿಯಲಿಲ್ಲ. ಒಂದೊಂದೇ ಗೂಟ ಕಳಚಿತು. ತಲೆಗಳ ಮೇಲೆ ಒಂದಿಷ್ಟು ಸುಣ್ಣದ ಪುಡಿ ಉದುರಿತು. ಯಾರೂ ಕದಲಲಿಲ್ಲ. ಕಮಾನೂ ಕದಲಲಿಲ್ಲ.

ಈಗ ನೀವು ಬಂದು ಕಮಾನಿನಡಿ ನಿಂತು ಕಣ್ಣು ಹೊಂದಿಸಿಕೊಂಡರೆ, ಎರಡೂ ಗೋಡೆಗಳ ಮೇಲೆ ಗಾರೆಯಲ್ಲಿ ಉಬ್ಬಿಸಿದ ಸಣ್ಣ ಸಣ್ಣ ತಂಬಿಗೆಗಳು ಕಾಣುತ್ತವೆ. ಅಂದಿನ ಊರಿನಲ್ಲಿ ಎಷ್ಟು ಮನೆಯೋ ಅಷ್ಟು ತಂಬಿಗೆ. ನಡುವೆ ಒಂದು ಕೊಪ್ಪರಿಗೆ. ಅವನ್ನೆಲ್ಲ ಮಾಡಿದ್ದು ಮಸ್ತಾನ್ ಸಾಬಿ, ಒಂದಕ್ಕಿಂತ ಒಂದು ಅಂದವಾಗಿವೆ. ಆದರೆ ಬಲಗಡೆಯ ಕೊನೆಯಲ್ಲಿ ಒಂದು ಮೂತಿಯ ಗಿಂಡಿ ಇದೆ. ಅದರ ಹೊಟ್ಟೆ ಒಂದು ಕಡೆ ವಾಲಿದೆ, ಮೂತಿ ಸೊಟ್ಟಗಾಗಿದೆ. ಅದು ಮೇಸ್ತ್ರಿಯ ಕೈಕೆಲಸವಲ್ಲ, ಅವನು ಇಲ್ಲೇ ನೆಲೆಸಲೆಂದು ಶಿರಾದಿಂದ ಹೆಂಡತಿ ಮಕ್ಕಳನ್ನು ಕರೆತರಲು ಹೋಗಿದ್ದಾಗ ತಿಪ್ಪಕ್ಕ ಮಾಡಿಟ್ಟದ್ದು ಎನ್ನುತ್ತಾರೆ. ಇದು ಯಾವ ಮನೆಯವರದು ಎಂದು ನೀವು ಕೇಳಿ ನೋಡಿ. ಶಿರಾದವರದು ಎಂದು ಯಾರೂ ಹೇಳುವುದಿಲ್ಲ. ನಮ್ಮ ಊರಿನವರದೇ ಎನ್ನುತ್ತಾರೆ.